ಅಂಗಪಲ್ಲಟವೂ ಸಾಕ್ಷಿನಿಷ್ಠೆಯೂ

ಒಂದು ವಸ್ತುವಿನ ಅವಯವಗಳು ಒಂದೊಂದಾಗಿ ಸವೆದು, ಅವುಗಳ ಸ್ಥಾನದಲ್ಲಿ ಹೊಸ ಅವಯವಗಳು ಬಂದು ನಿಂತಾಗ, ಆ ವಸ್ತು ಮೊದಲಿನದೇ ಆಗಿ ಉಳಿಯುವುದೋ ಬೇರೊಂದಾಗುವುದೋ ಎಂಬ ಪ್ರಶ್ನೆಯು ತತ್ತ್ವವಿಚಾರದಷ್ಟೇ ಪುರಾತನವಾದುದು. ಗ್ರೀಕರು ಇದನ್ನು ಥೀಸಿಯಸ್ ಎಂಬ ವೀರನ ಹಡಗನ್ನು ನಿದರ್ಶನವಾಗಿಟ್ಟುಕೊಂಡು ಚರ್ಚಿಸಿದರು. ಕೊಳೆತ ಹಲಗೆಗಳನ್ನು ತೆಗೆದು ಹೊಸ ಹಲಗೆಗಳನ್ನು ಜೋಡಿಸುತ್ತ ಬಂದ ಆ ಹಡಗು ಅದೇ ಹಡಗೆಂದು ಕೆಲವರೂ, ಅಲ್ಲವೆಂದು ಕೆಲವರೂ ವಾದಿಸುತ್ತಿದ್ದರೆಂದು ಪ್ಲೂಟಾರ್ಕನು ಬರೆದಿದ್ದಾನೆ. ಭರತಖಂಡದಲ್ಲಿ ಮಿಲಿಂದ ರಾಜನಿಗೂ ನಾಗಸೇನ ಭಿಕ್ಷುವಿಗೂ ನಡೆದ ಸಂವಾದದಲ್ಲಿ ರಥವೇ ದೃಷ್ಟಾಂತವಾಯಿತು. ಪಂಡಿತರ ಸಭೆಗೆ ಮೀಸಲಾಗಿದ್ದ ಆ ಪ್ರಶ್ನೆಯು ಇಂದು ಗೃಹಸ್ಥನ ಮನೆಯ ಮೇಜಿನ ಮೇಲೆಯೇ ಬಂದು ಕುಳಿತಿದೆ. ಕುಳಿತುದು ಮಾತ್ರವಲ್ಲ, ಅದಕ್ಕೆ ಅವನು ಕೊಡುವ ಉತ್ತರದಿಂದ ಅವನ ಶೀಲವನ್ನೂ ಪರೀಕ್ಷಿಸುತ್ತಿದೆ.

ಅಂಗಡಿಯ ಲೆಕ್ಕಪತ್ರ, ಮಕ್ಕಳ ವಿದ್ಯಾಭ್ಯಾಸ, ಬ್ಯಾಂಕಿನ ವ್ಯವಹಾರ, ದೂರದೇಶದಲ್ಲಿರುವ ಬಂಧುಗಳೊಡನೆ ಸಂಭಾಷಣೆ, ಇವೆಲ್ಲಕ್ಕೂ ಇಂದು ಕಂಪ್ಯೂಟರು ಬೇಕಾಗಿದೆ. ಈ ಯಂತ್ರದ ಒಳಗೆ ಮದರ್‌ಬೋರ್ಡು ಎಂಬ ಒಂದು ಫಲಕವಿರುತ್ತದೆ. ಲೆಕ್ಕ ಮಾಡುವ ಪ್ರೊಸೆಸರು, ತಾತ್ಕಾಲಿಕವಾಗಿ ನೆನಪಿಟ್ಟುಕೊಳ್ಳುವ ರ್‍ಯಾಮು, ಶಾಶ್ವತವಾಗಿ ಕಾದಿಡುವ ಡಿಸ್ಕು, ಎಲ್ಲವೂ ಈ ಫಲಕವನ್ನೇ ಆಶ್ರಯಿಸಿ ಒಂದರೊಡನೊಂದು ಮಾತನಾಡುತ್ತವೆ. ಇವೆಲ್ಲವೂ ಅಂಗಗಳು. ಈ ಅಂಗಗಳನ್ನು ಎಚ್ಚರಿಸಿ ನಡೆಸತಕ್ಕುದು ಆಪರೇಟಿಂಗ್ ಸಿಸ್ಟಮ್ ಎಂಬ ಮೂಲ ತಂತ್ರಾಂಶ. ಅದಿಲ್ಲದಿದ್ದರೆ ಅಂಗಗಳೆಲ್ಲ ಸರಿಯಾಗಿದ್ದರೂ ಯಂತ್ರವು ಉಸಿರಿಲ್ಲದ ಕಾಯದಂತೆ ಬಿದ್ದಿರುತ್ತದೆ. ಮಳೆಗಾಲದ ಸಿಡಿಲಿಗೋ, ವಿದ್ಯುತ್ತಿನ ಏರಿಳಿತಕ್ಕೋ, ಕೇವಲ ಕಾಲಧರ್ಮಕ್ಕೋ ಆ ಫಲಕವು ಕೆಡುವುದುಂಟು. ಆಗ ರಿಪೇರಿ ಮಾಡುವವನು ಹಳೆಯ ಫಲಕವನ್ನು ತೆಗೆದು ಹೊಸದನ್ನು ಕೂರಿಸುತ್ತಾನೆ. ಡಿಸ್ಕು ಹಳೆಯದೇ, ಪರದೆ ಹಳೆಯದೇ, ಅದರ ಮುಂದೆ ಕುಳಿತುಕೊಳ್ಳುವ ಮನುಷ್ಯನೂ ಹಳಬನೇ.

ಆದರೂ ಹೊಸ ಫಲಕದ ಸ್ವಭಾವವು ಬೇರೆಯಾದುದರಿಂದ ಆಪರೇಟಿಂಗ್ ಸಿಸ್ಟಮನ್ನು ಮತ್ತೆ ಸ್ಥಾಪಿಸುವುದೇ ಲೇಸೆಂದು ಬಲ್ಲವರು ಹೇಳುತ್ತಾರೆ. ಕಡತಗಳನ್ನು ಬೇರೆಡೆ ನಕಲು ಮಾಡಿಟ್ಟು, ಪೆನ್ ಡ್ರೈವಿನಿಂದ ವಿಂಡೋಸನ್ನು ಹೊಸದಾಗಿ ತುಂಬಿದ ಬಳಿಕ, ಯಂತ್ರವು ಎಂದಿನಂತೆ ಏಳುತ್ತದೆ. ಎದ್ದ ಮೇಲೆ ಪರದೆಯ ಮೂಲೆಯಲ್ಲಿ, ವಿಂಡೋಸನ್ನು ಆ್ಯಕ್ಟಿವೇಟ್ ಮಾಡಬೇಕೆಂಬ ಮಸುಕಾದ ಬರಹವೊಂದು ತೋರುತ್ತದೆ. ನಿನ್ನೆಯವರೆಗೆ ಅಧಿಕೃತವಾಗಿದ್ದ ಯಂತ್ರವು ಇಂದು ಅನಧಿಕೃತವಾಯಿತು. ಹಣ ಕೊಟ್ಟವನು ಅವನೇ, ಕೊಂಡುದೂ ಅದನ್ನೇ. ಆದರೂ ದೂರದಲ್ಲಿರುವ ಸಂಸ್ಥೆಯ ದಫ್ತರವು ಈ ಯಂತ್ರವನ್ನು ತಾನು ಬಲ್ಲೆನೆಂದು ಹೇಳಲೊಲ್ಲದು.

ಇದಕ್ಕೆ ಕಾರಣವನ್ನು ತಿಳಿಯದೆ ಸಿಟ್ಟಾಗುವುದು ಸಲ್ಲದು. 2001ರಲ್ಲಿ ವಿಂಡೋಸ್ ಎಕ್ಸ್‌ಪಿ ಬಂದಾಗ, ಒಂದೇ ಪ್ರತಿಯನ್ನು ಕೊಂಡು ಹತ್ತಾರು ಯಂತ್ರಗಳಿಗೆ ತುಂಬುವ ಅಭ್ಯಾಸವನ್ನು ತಡೆಯಬೇಕೆಂದು ಮೈಕ್ರೋಸಾಫ್ಟ್ ಸಂಸ್ಥೆಯು ಆ್ಯಕ್ಟಿವೇಷನ್ ಎಂಬ ಕ್ರಮವನ್ನು ಮನೆಬಳಕೆಯ ಯಂತ್ರಗಳಿಗೂ ವಿಧಿಸಿತು. ತಂತ್ರಾಂಶವು ಯಂತ್ರದ ಹಲವು ಅಂಗಗಳನ್ನು ಪರಿಶೀಲಿಸಿ, ಅವುಗಳಿಂದ ಒಂದು ಗುರುತಿನ ಅಂಕವನ್ನು ರಚಿಸಿ, ಪರವಾನಗಿಯನ್ನು ಆ ಅಂಕದೊಡನೆ ಗಂಟುಹಾಕುತ್ತದೆ. ಒಂದೆರಡು ಅಂಗಗಳು ಬದಲಾದರೆ ಅದು ಸಹಿಸಿಕೊಳ್ಳುತ್ತದೆ. ಗುರುತು ಬಹಳವಾಗಿ ಬದಲಾದರೆ ಬೇರೆ ಯಂತ್ರವೆಂದೇ ತೀರ್ಮಾನಿಸುತ್ತದೆ. 2012ರಲ್ಲಿ ವಿಂಡೋಸ್ 8 ಬಂದಂದಿನಿಂದ, ತಯಾರಕರು ತುಂಬಿಯೇ ಕೊಡುವ ಯಂತ್ರಗಳಲ್ಲಿ ಪ್ರಾಡಕ್ಟ್ ಕೀ ಎಂಬ ಅಂಕಾಕ್ಷರಮಾಲೆಯನ್ನು ಮದರ್‌ಬೋರ್ಡಿನೊಳಗೇ ಬರೆದಿಡುವ ಪದ್ಧತಿಯಾಯಿತು. 2015ರಲ್ಲಿ ವಿಂಡೋಸ್ 10 ಬಂದ ಮೇಲೆ, ಕೀ ಇಲ್ಲದೆಯೇ ಸಂಸ್ಥೆಯ ದಫ್ತರದಲ್ಲಿ ಯಂತ್ರದ ಗುರುತನ್ನು ದಾಖಲಿಸಿಡುವ ಡಿಜಿಟಲ್ ಪರವಾನಗಿಯು ರೂಢಿಗೆ ಬಂದಿತು. ಹೀಗೆ ಎಲ್ಲ ಅಂಗಗಳ ನಡುವೆ ಮದರ್‌ಬೋರ್ಡಿಗೆ ವಿಶೇಷ ಸ್ಥಾನ ದೊರೆಯಿತು. ಅದು ಬದಲಾದರೆ ಯಂತ್ರವೇ ಬದಲಾಯಿತೆಂಬುದು ಈ ವ್ಯವಸ್ಥೆಯ ಸಿದ್ಧಾಂತ.

ಈ ಸಿದ್ಧಾಂತವು ಎಷ್ಟು ದೂರ ನಿಲ್ಲತಕ್ಕದ್ದೆಂಬುದನ್ನು ವಿಚಾರಿಸಬೇಕು. ಊರ ತೇರನ್ನೇ ನೋಡಬಹುದು. ಅಚ್ಚು ಮುರಿದಾಗ ಬಡಗಿಯು ಹೊಸ ಅಚ್ಚನ್ನು ಮಾಡಿಕೊಡುತ್ತಾನೆ. ಗಾಲಿ ಸೀಳಿದಾಗ ಹೊಸ ಗಾಲಿ ಬರುತ್ತದೆ. ಒಂದೆರಡು ತಲೆಮಾರುಗಳಲ್ಲಿ ಮೊದಲಿನ ಮರವೆಷ್ಟು ಉಳಿದಿದೆಯೆಂದು ಹೇಳುವುದೇ ಕಷ್ಟ. ಆದರೂ ಇದು ತಮ್ಮ ಊರ ತೇರಲ್ಲವೆಂದು ಯಾರೂ ಹೇಳುವುದಿಲ್ಲ. ಏಕೆಂದರೆ ತೇರಿನ ಏಕತ್ವವು ಮರದಲ್ಲಿಲ್ಲ. ಅದನ್ನು ಎಳೆಯುವವರ ಸೇವೆಯಲ್ಲಿ, ಎಳೆಯುವ ದಿನದಲ್ಲಿ, ಎಡೆಬಿಡದ ನೆನಪಿನಲ್ಲಿದೆ. ಅಂದಮೇಲೆ ವಸ್ತುವಿನ ಏಕತ್ವವು ಅಂಗದಲ್ಲಿರುವುದಲ್ಲ, ಸಂಬಂಧದಲ್ಲಿರುವುದು ಎಂದಾಯಿತು. ಆದರೆ ಸಂಬಂಧವೆಂಬುದು ಕಣ್ಣಿಗೆ ಕಾಣುವ ವಸ್ತುವಲ್ಲ. ಅದು ಇದೆಯೆಂದು ಯಾರಾದರೂ ಸಾಕ್ಷಿ ನುಡಿಯಬೇಕಾಗುತ್ತದೆ. ತೇರಿಗೆ ಊರೆಲ್ಲವೂ ಸಾಕ್ಷಿ. ಮನೆಯ ಮೂಲೆಯಲ್ಲಿರುವ ಯಂತ್ರಕ್ಕೆ ಸಾಕ್ಷಿ ಯಾರು?

ಇಲ್ಲಿ ಪರವಾನಗಿಯ ನಿಯಮಗಳಲ್ಲಿಯೇ ಒಂದು ಗಮನಾರ್ಹ ಸಂಗತಿಯುಂಟು. ಪರವಾನಗಿಗಳಲ್ಲಿ ಮುಖ್ಯವಾಗಿ ಎರಡು ಬಗೆ. ಪ್ರತ್ಯೇಕವಾಗಿ ಹಣ ಕೊಟ್ಟು ಕೊಂಡ ಪರವಾನಗಿಯು ಕೊಂಡವನೊಡನೆ ಸಾಗುತ್ತದೆ. ಹಳೆಯ ಯಂತ್ರದಿಂದ ತೆಗೆದು ಹೊಸದಕ್ಕೆ ಹಾಕಿಕೊಳ್ಳಬಹುದು, ಆದರೆ ಏಕಕಾಲದಲ್ಲಿ ಎರಡರಲ್ಲಿ ಇರಕೂಡದು. ಯಂತ್ರದೊಡನೆಯೇ ತಯಾರಕನಿಂದ ತುಂಬಿ ಬಂದ ಪರವಾನಗಿಯಾದರೋ ಆ ಯಂತ್ರದೊಡನೆಯೇ ಹುಟ್ಟಿ ಅದರೊಡನೆಯೇ ಮುಗಿಯತಕ್ಕದ್ದು. ಇಂತಹ ಯಂತ್ರದಲ್ಲಿ ಹೆಚ್ಚಿನ ವೇಗದ ಆಸೆಯಿಂದ ಮದರ್‌ಬೋರ್ಡನ್ನು ಬದಲಾಯಿಸಿದರೆ ಅದು ಹೊಸ ಯಂತ್ರವೆನಿಸುತ್ತದೆ, ಹೊಸ ಪರವಾನಗಿ ಬೇಕಾಗುತ್ತದೆ. ಆದರೆ ಬೋರ್ಡು ದೋಷದಿಂದ ಕೆಟ್ಟುಹೋಗಿ, ತಯಾರಕನು ಅದೇ ಬಗೆಯ ಅಥವಾ ಅದಕ್ಕೆ ಸಮಾನವಾದ ಬೋರ್ಡನ್ನು ಹಾಕಿಕೊಟ್ಟರೆ ಹೊಸ ಪರವಾನಗಿ ಬೇಕಿಲ್ಲವೆಂದು ಅದೇ ಸಂಸ್ಥೆಯ ನಿಯಮವು ಹೇಳುತ್ತದೆ.

ವಿಚಾರವಂತರು ಇದನ್ನು ಗಮನಿಸಬೇಕು. ಮಾಡಿದ ಕ್ರಿಯೆ ಒಂದೇ: ಹಳೆಯ ಫಲಕ ಹೋಯಿತು, ಹೊಸ ಫಲಕ ಬಂದಿತು. ಆದರೆ ಕಾರಣವು ಬೇರೆಯಾದುದರಿಂದ ಒಂದೆಡೆ ಯಂತ್ರವು ಅದೇ ಆಗಿ ಉಳಿಯಿತು, ಮತ್ತೊಂದೆಡೆ ಬೇರೆಯಾಯಿತು. ಯಂತ್ರವು ತನ್ನ ಅಂಗ ಬದಲಾಯಿತೆಂಬುದನ್ನು ಅರಿಯಬಲ್ಲದು. ಏಕೆ ಬದಲಾಯಿತೆಂಬುದನ್ನು ಅರಿಯಲಾರದು. ಅದನ್ನು ಬಲ್ಲವನು ಮನುಷ್ಯನೊಬ್ಬನೇ. ಕ್ರಿಯೆಯ ಬೆಲೆಯು ಅದರ ಹಿಂದಿನ ಭಾವದಲ್ಲಿದೆಯೆಂದು ಶರಣರು ಪೂಜೆಯ ವಿಷಯದಲ್ಲಿಯೂ ದಾನದ ವಿಷಯದಲ್ಲಿಯೂ ಮತ್ತೆ ಮತ್ತೆ ಬೋಧಿಸಿದರು. ಹೊರಗಿನ ಆಚಾರ ಎಷ್ಟು ಚೆಲುವಾಗಿದ್ದರೂ ಒಳಗಿನ ಭಾವ ಕೆಟ್ಟಿದ್ದರೆ ಅವರು ಅದನ್ನು ಒಪ್ಪಲಿಲ್ಲ. ಎಂಟು ಶತಮಾನಗಳ ಆಚೆಯ ಆ ಬೋಧೆಯು ಇಂದಿನ ಒಂದು ವ್ಯಾಪಾರದ ಕರಾರಿನಲ್ಲಿಯೂ ಅರಿವಿಲ್ಲದೆಯೇ ಸುಳಿದಿರುವುದು ಆಶ್ಚರ್ಯದ ಸಂಗತಿ.

ಈಗ ಧರ್ಮಸೂಕ್ಷ್ಮದ ಸ್ಥಳಕ್ಕೆ ಬರಬೇಕು. ಆ್ಯಕ್ಟಿವೇಷನ್ ತಪ್ಪಿಹೋದ ಗೃಹಸ್ಥನ ಕಿವಿಯಲ್ಲಿ ಯಾರಾದರೊಬ್ಬರು ಮೆಲ್ಲನೆ ಹೇಳುವುದುಂಟು: ಇದಕ್ಕೇಕೆ ಇಷ್ಟು ತೊಡಕು? ಒಂದು ಚಿಕ್ಕ ತಂತ್ರಾಂಶವನ್ನು ಹಾಕಿದರೆ ಐದು ನಿಮಿಷದಲ್ಲಿ ಎಲ್ಲವೂ ಸರಿಹೋಗುತ್ತದೆ, ಕಾಸಿನ ಖರ್ಚೂ ಇಲ್ಲ. ಈ ಮಾತಿಗೆ ಬೆಂಬಲವಾಗಿ ಮೂರು ಯುಕ್ತಿಗಳನ್ನು ಮುಂದಿಡುತ್ತಾರೆ. ಒಮ್ಮೆ ಹಣ ಕೊಟ್ಟಾಗಿದೆ, ಆದುದರಿಂದ ಇದು ಕಳವಲ್ಲ ಎಂಬುದು ಮೊದಲನೆಯದು. ಆ ಸಂಸ್ಥೆಯು ಸಮುದ್ರದಂತೆ ಸಂಪನ್ನವಾದುದು, ಒಂದು ಬೊಗಸೆ ನೀರಿನಿಂದ ಅದು ಬತ್ತುವುದಿಲ್ಲ ಎಂಬುದು ಎರಡನೆಯದು. ಎಲ್ಲರೂ ಹೀಗೆಯೇ ಮಾಡುತ್ತಾರೆ, ನೋಡುವವರು ಯಾರೂ ಇಲ್ಲ ಎಂಬುದು ಮೂರನೆಯದು. ಈ ಮೂರನ್ನೂ ತಳ್ಳಿಹಾಕುವ ಮೊದಲು ತೂಗಿ ನೋಡಬೇಕು; ಏಕೆಂದರೆ ಮೊದಲನೆಯ ಯುಕ್ತಿಯಲ್ಲಿ ಸತ್ಯದ ಒಂದಂಶವೂ ಇದೆ.

ಒಮ್ಮೆ ಹಣ ಕೊಟ್ಟುದು ನಿಜ. ಆದರೆ ಏನನ್ನು ಕೊಂಡದ್ದು? ಹೊಲವನ್ನು ಕೊಂಡವನು ಹೊಲಕ್ಕೆ ಒಡೆಯ. ಅದೇ ಹೊಲವನ್ನು ಗೇಣಿಗೆ ಪಡೆದವನು ಕರಾರಿನಲ್ಲಿ ಹೇಳಿದಷ್ಟಕ್ಕೆ ಮಾತ್ರ ಅಧಿಕಾರಿ. ಪರವಾನಗಿಯೆಂಬುದು ಒಡೆತನವಲ್ಲ, ಬಳಸುವ ಅಪ್ಪಣೆ. ಅಪ್ಪಣೆಯ ಜೊತೆಗೆ ಅದರ ಎಲ್ಲೆಯೂ ಬಂದಿರುತ್ತದೆ. ಕೊಳ್ಳುವಾಗ ಒಪ್ಪಿಗೆಯೆಂದು ಒತ್ತಿದ ಬೆರಳು ಒಂದು ಮಾತನ್ನು ಕೊಟ್ಟಂತಾಯಿತು. ಕರಾರಿನ ಬರಹವನ್ನು ಓದಲಿಲ್ಲವೆಂಬುದು ಮಾತು ಕೊಡಲಿಲ್ಲವೆಂಬುದಕ್ಕೆ ಸಮನಲ್ಲ. ಪರವಾನಗಿಯು ಕೊಂಡವನೊಡನೆ ಸಾಗುವ ಬಗೆಯದಾಗಿದ್ದರೆ, ಇಲ್ಲವೆ ಫಲಕವು ದೋಷದಿಂದಲೇ ಕೆಟ್ಟು ತಯಾರಕನು ಬದಲಿಸಿಕೊಟ್ಟಿದ್ದರೆ, ನ್ಯಾಯವಾದ ದಾರಿಯು ತೆರೆದೇ ಇದೆ; ತೆರೆದ ಬಾಗಿಲಿರುವಾಗ ಗೋಡೆ ಹಾರುವುದೇಕೆ? ಪರವಾನಗಿಯು ಆ ಬಗೆಯದಲ್ಲದಿದ್ದರೆ, ಒಮ್ಮೆ ಕೊಟ್ಟ ಹಣವು ಹಳೆಯ ಯಂತ್ರದ ಬಾಳಿನೊಡನೆ ತೀರಿಹೋದ ಬಾಡಿಗೆಯೇ ಹೊರತು ಹೊಸ ಯಂತ್ರದ ಬೆಲೆಯಲ್ಲ.

ಎರಡನೆಯ ಯುಕ್ತಿಗೆ ಉತ್ತರವನ್ನು ಆಯ್ದಕ್ಕಿ ಲಕ್ಕಮ್ಮನವರ ಬಾಳಿನಲ್ಲಿ ಕಾಣಬಹುದು. ಅವರ ಪತಿ ಮಾರಯ್ಯನವರು ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕವನ್ನು ಕೈಕೊಂಡಿದ್ದರು. ಆ ಅಕ್ಕಿಯಿಂದಲೇ ಜಂಗಮದಾಸೋಹ ನಡೆಯುತ್ತಿತ್ತು. ಒಂದು ದಿನ ಮಾರಯ್ಯನವರು ನಿತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಲಕ್ಕಮ್ಮನವರು ಅದನ್ನು ಒಲೆಯ ಮೇಲೆ ಇಡಲೊಪ್ಪಲಿಲ್ಲ. ಹೆಚ್ಚಾದುದನ್ನು ಅಲ್ಲಿಯೇ ಹಾಕಿ ಬರುವಂತೆ ಕಳುಹಿಸಿದರು. ನೆಲಕ್ಕೆ ಬಿದ್ದ ಅಕ್ಕಿ, ಯಾರೂ ಲೆಕ್ಕವಿಡದ ಅಕ್ಕಿ. ಮಹಾಮನೆಯ ಸಂಪತ್ತಿಗೆ ಒಂದು ಸೇರಿನಿಂದ ಕೊರತೆಯೂ ಇಲ್ಲ. ಅದು ಹೋಗುವುದೂ ದಾಸೋಹಕ್ಕೇ. ಇಷ್ಟಿದ್ದರೂ ಲಕ್ಕಮ್ಮನವರು ನೋಡಿದ್ದು ಕೊಡುವವರ ಸಿರಿಯನ್ನಲ್ಲ, ತೆಗೆದುಕೊಳ್ಳುವ ಕೈಯ ಅಳತೆಯನ್ನು. ಪರರಿಗೆ ನಷ್ಟವಾಯಿತೆ ಎಂಬುದು ನ್ಯಾಯಾಲಯದ ಪ್ರಶ್ನೆ. ತನ್ನ ಸಲುವಳಿಯನ್ನು ಮೀರಿದೆನೆ ಎಂಬುದು ಶರಣರ ಪ್ರಶ್ನೆ. ಸಿರಿವಂತನಿಂದ ತೆಗೆದುಕೊಂಡರೆ ದೋಷವಿಲ್ಲವೆಂಬ ಮಾತನ್ನು ಆ ತಾಯಿಯ ಮುಂದೆ ಆಡಲು ಯಾರಿಗೆ ನಾಲಗೆ ಬಂದೀತು?

ಮೂರನೆಯ ಯುಕ್ತಿಗೆ ಉತ್ತರ ಹೇಳಬೇಕಾದರೆ ಆ ಚಿಕ್ಕ ತಂತ್ರಾಂಶವು ಮಾಡುವ ಕೆಲಸವೇನೆಂಬುದನ್ನು ಅರಿಯಬೇಕು. ನೂರಾರು ಕಂಪ್ಯೂಟರುಗಳಿರುವ ದೊಡ್ಡ ಸಂಸ್ಥೆಗಳಿಗೆ ಮೈಕ್ರೋಸಾಫ್ಟ್ ಬೇರೊಂದು ಏರ್ಪಾಡನ್ನು ಮಾಡಿಕೊಟ್ಟಿದೆ. ಆ ಸಂಸ್ಥೆಯೊಳಗೆ ಕೆಎಂಎಸ್ ಎಂಬ ಹೆಸರಿನ ಒಂದು ಅಧಿಕೃತ ಸರ್ವರು ಇರುತ್ತದೆ; ಉಳಿದ ಯಂತ್ರಗಳು ಅದನ್ನು ಕೇಳಿ ಅನುಮತಿಯನ್ನು ಪಡೆಯುತ್ತವೆ; ಆ ಅನುಮತಿಯು 180 ದಿನಗಳವರೆಗೆ ಸಲ್ಲುತ್ತದೆ, ಅಷ್ಟರೊಳಗೆ ನವೀಕರಿಸಿಕೊಳ್ಳಬೇಕು. ಕಳ್ಳ ತಂತ್ರಾಂಶಗಳಲ್ಲಿ ಬಹಳ ಪ್ರಚಾರದಲ್ಲಿರುವ ಒಂದು ಬಗೆಯು ಇಂತಹ ಸರ್ವರಿನ ವೇಷವನ್ನು ಹಾಕಿಕೊಂಡು ಮನೆಯ ಯಂತ್ರದೊಳಗೇ ಕುಳಿತುಬಿಡುತ್ತದೆ. ಯಂತ್ರವು ತನಗೆ ಅಧಿಕಾರವುಂಟೆ ಎಂದು ಕೇಳುತ್ತದೆ. ಅದೇ ಯಂತ್ರದೊಳಗೆ ಅಡಗಿರುವ ವೇಷಧಾರಿಯು ಉಂಟೆಂದು ಉತ್ತರ ಕೊಡುತ್ತದೆ. ಕೇಳಿದುದೂ ತಾನೇ, ಹೇಳಿದುದೂ ತಾನೇ. ದೀಕ್ಷೆ ಕೊಡುವ ಗುರುವಿಲ್ಲದೆ, ತನ್ನ ಬೆರಳಿನಿಂದಲೇ ತನ್ನ ಹಣೆಗೆ ವಿಭೂತಿಯನ್ನು ಬಳಿದುಕೊಂಡು, ತಾನು ದೀಕ್ಷಿತನೆಂದು ಸಾರುವವನಂತಾಯಿತು ಇದು. ಇಲ್ಲಿ ನಡೆದುದು ಕೇವಲ ಹಣದ ಕಳವಲ್ಲ. ಮನೆಯೊಳಗೆ ಒಬ್ಬ ಸುಳ್ಳುಸಾಕ್ಷಿಯನ್ನು ಕೂರಿಸಿ ಅವನಿಗೆ ದಿನವೂ ಅನ್ನವಿಕ್ಕಿದಂತಾಯಿತು.

ಇಂತಹ ತಂತ್ರಾಂಶಗಳೊಡನೆ ಹಲವು ವೇಳೆ ಯಂತ್ರವನ್ನು ಕೆಡಿಸುವ, ಗುಟ್ಟನ್ನು ಕದಿಯುವ ದುಷ್ಟ ತಂತ್ರಾಂಶಗಳೂ ಸೇರಿ ಬರುವುದುಂಟು. ಇದನ್ನು ಹೇಳಿ ಹೆದರಿಸುವುದು ಸುಲಭ. ಆದರೆ ಕಚ್ಚುವ ನಾಯಿಗೆ ಅಂಜಿ ಪರರ ತೋಟವನ್ನು ಹೊಗದವನು ಶೀಲವಂತನೆನಿಸುವುದಿಲ್ಲ. ನಾಯಿಯಿಲ್ಲದ ದಿನ ಅವನು ಹೊಗುತ್ತಾನೆ. ಆದುದರಿಂದ ಈ ವಿಷಯದಲ್ಲಿ ನಿಲ್ಲಬೇಕಾದ ನೆಲೆಯು ಭಯವಲ್ಲ, ಸತ್ಯಶುದ್ಧವಾದ ಕಾಯಕದ ನಿಷ್ಠೆ. ಆ ಯಂತ್ರದ ಮೇಲೆಯೇ ಅಂಗಡಿಯ ಲೆಕ್ಕ ನಡೆಯಬೇಕು, ಮಗುವು ಪಾಠ ಕಲಿಯಬೇಕು, ಹಿರಿಯರು ಶರಣರ ಪ್ರವಚನವನ್ನು ಕೇಳಬೇಕು. ಕಾಯಕದ ಉಪಕರಣವೇ ಅಶುದ್ಧವಾದರೆ ಅದರಿಂದ ಬಂದ ಫಲವನ್ನು ದಾಸೋಹಕ್ಕೆ ಸಲ್ಲಿಸುವುದೆಂತು? ಕದ್ದ ಕುಡುಗೋಲಿನಿಂದ ಕೊಯ್ದ ತೆನೆಯನ್ನು ಜಂಗಮಕ್ಕೆ ನೀಡುವೆನೆಂದರೆ ಶರಣರು ಕೈಯೊಡ್ಡುತ್ತಿರಲಿಲ್ಲ.

ಇಷ್ಟು ಹೇಳಿದ ಮೇಲೆ ಒಂದು ಆಕ್ಷೇಪವು ಉಳಿಯುತ್ತದೆ. ನಿಯಮವು ನಿಯಮವೆಂಬ ಮಾತ್ರಕ್ಕೆ ನ್ಯಾಯವೆನಿಸುವುದೆ? ಶರಣರು ಕಾಲದ ಎಲ್ಲ ಕಟ್ಟಳೆಗಳಿಗೂ ತಲೆಬಾಗಿದವರಲ್ಲ. ಜಾತಿಯ ಕಟ್ಟಳೆ, ಹೆಣ್ಣನ್ನು ಕೀಳೆಂದ ಕಟ್ಟಳೆ, ದುಡಿಯುವವನನ್ನು ದೂರವಿಟ್ಟ ಕಟ್ಟಳೆ, ಇವನ್ನೆಲ್ಲ ಅವರು ಮುರಿದರು. ಒಂದು ಫಲಕವು ಸುಟ್ಟುಹೋದರೆ ಪೂರ್ಣ ಪರವಾನಗಿಯೇ ಸುಟ್ಟುಹೋಗುವ ನಿಯಮವು ಬಡವನಿಗೆ ಭಾರವಾದುದಲ್ಲವೆ? ಈ ಆಕ್ಷೇಪವು ಸುಲಭವಾಗಿ ತಳ್ಳಿಹಾಕತಕ್ಕದ್ದಲ್ಲ. ಭಾರವೆಂಬುದನ್ನು ಒಪ್ಪಲೇಬೇಕು. ಆದರೆ ಶರಣರು ಕಟ್ಟಳೆಯನ್ನು ಮುರಿದ ರೀತಿಯನ್ನೂ ನೋಡಬೇಕು. ಅವರು ಕತ್ತಲಲ್ಲಿ ಮುರಿಯಲಿಲ್ಲ. ಹಗಲಿನಲ್ಲಿ, ಸಭೆಯ ನಡುವೆ, ತಮ್ಮ ಹೆಸರಿನಿಂದ ಮುರಿದರು. ಅದರ ಫಲವನ್ನು ತಾವೇ ಉಂಡರು. ಒಲ್ಲದ ವ್ಯವಸ್ಥೆಯನ್ನು ಬಿಟ್ಟು ಹೊಸ ವ್ಯವಸ್ಥೆಯನ್ನು ಕಟ್ಟಿದರು. ಹೊರಗೆ ಒಪ್ಪಿದಂತೆ ತೋರಿಸಿ ಒಳಗೆ ವಂಚಿಸುವುದು ಅವರ ಮಾರ್ಗವಾಗಿರಲಿಲ್ಲ.

ಕಂಪ್ಯೂಟರಿನ ಲೋಕದಲ್ಲಿಯೂ ಅಂತಹ ಬಹಿರಂಗ ಮಾರ್ಗವನ್ನು ಕಟ್ಟಿದವರಿದ್ದಾರೆ. 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಎಂಬವರು, ಯಾರು ಬೇಕಾದರೂ ಬಳಸಬಹುದಾದ, ತಿದ್ದಬಹುದಾದ, ಹಂಚಬಹುದಾದ ಒಂದು ಆಪರೇಟಿಂಗ್ ಸಿಸ್ಟಮನ್ನು ರಚಿಸುವುದಾಗಿ ಸಾರಿ ಗ್ನೂ ಎಂಬ ಯೋಜನೆಯನ್ನು ಆರಂಭಿಸಿದರು. 1991ರಲ್ಲಿ ಫಿನ್ಲೆಂಡಿನ ಲಿನಸ್ ಟೊರ್ವಾಲ್ಡ್ಸ್ ಎಂಬ ವಿದ್ಯಾರ್ಥಿಯು ಲಿನಕ್ಸ್ ಎಂಬ ತಿರುಳನ್ನು ಬರೆದು ಎಲ್ಲರ ಮುಂದಿಟ್ಟರು. ಇವೆರಡೂ ಕೂಡಿ ಬೆಳೆದ ವ್ಯವಸ್ಥೆಗಳಿಗೆ ಇಂದು ಆ್ಯಕ್ಟಿವೇಷನ್ ಎಂಬುದೇ ಇಲ್ಲ. ಮದರ್‌ಬೋರ್ಡು ಬದಲಾದರೂ ಅವು ಯಾರನ್ನೂ ಕೇಳುವುದಿಲ್ಲ. ಹಳೆಯ ಡಿಸ್ಕನ್ನು ಹೊಸ ಬೋರ್ಡಿಗೆ ಜೋಡಿಸಿದರೆ ಬಹಳ ಸಲ ಹಾಗೆಯೇ ಎದ್ದು ನಿಲ್ಲುತ್ತವೆ. ಅದನ್ನು ಕಲಿಯಲು ಸ್ವಲ್ಪ ಶ್ರಮಪಡಬೇಕು. ಕೆಲವು ಲೆಕ್ಕದ ತಂತ್ರಾಂಶಗಳು ಅದರಲ್ಲಿ ನಡೆಯದಿರಬಹುದು. ಆದರೆ ನಿಯಮವು ಅನ್ಯಾಯವೆಂದು ನಿಜವಾಗಿ ನಂಬಿದವನಿಗೆ ಆ ಶ್ರಮವೇ ಅವನ ನಂಬಿಕೆಯ ಪ್ರಮಾಣ. ಶ್ರಮವನ್ನೂ ಪಡದೆ, ಹಣವನ್ನೂ ಕೊಡದೆ, ಕಳ್ಳದಾರಿಯನ್ನು ಹಿಡಿದು ಅದಕ್ಕೆ ಕ್ರಾಂತಿಯೆಂದು ಹೆಸರಿಡುವುದು ಶರಣರಿಗೆ ಮಾಡುವ ಅಪಚಾರ.

ಇನ್ನು ನೇರವಾದ ದಾರಿಯಲ್ಲಿ ನಡೆಯುವವನು ಏನು ಮಾಡಬೇಕೆಂಬುದನ್ನು ನೋಡೋಣ. 2016ರಿಂದ ಮೈಕ್ರೋಸಾಫ್ಟ್ ಒಂದು ಅನುಕೂಲವನ್ನು ಕಲ್ಪಿಸಿದೆ. ಯಂತ್ರವು ಸುಸ್ಥಿತಿಯಲ್ಲಿರುವಾಗಲೇ ಅದರ ಡಿಜಿಟಲ್ ಪರವಾನಗಿಯನ್ನು ಒಡೆಯನ ಮೈಕ್ರೋಸಾಫ್ಟ್ ಖಾತೆಯೊಡನೆ ಜೋಡಿಸಿಟ್ಟರೆ, ಬೋರ್ಡು ಬದಲಾದ ಮೇಲೆ ಅದನ್ನು ಮರಳಿ ಪಡೆಯುವುದು ಸಾಧ್ಯ. ಮೊದಲು ಇದ್ದ ಆವೃತ್ತಿಯನ್ನೇ, ಹೋಮ್ ಆಗಿದ್ದರೆ ಹೋಮ್, ಪ್ರೊ ಆಗಿದ್ದರೆ ಪ್ರೊ, ಮತ್ತೆ ಸ್ಥಾಪಿಸಬೇಕು. ಆ್ಯಕ್ಟಿವೇಷನ್ನಿನ ಪುಟದಲ್ಲಿ ದೋಷಪರಿಹಾರದ ಗುಂಡಿಯನ್ನು ಒತ್ತಬೇಕು. ಯಂತ್ರದ ಅಂಗವನ್ನು ಇತ್ತೀಚೆಗೆ ಬದಲಾಯಿಸಿರುವುದಾಗಿ ತಿಳಿಸಬೇಕು. ಖಾತೆಯೊಳಗೆ ಹೋಗಿ, ಅಲ್ಲಿ ತೋರುವ ಹೆಸರುಗಳಲ್ಲಿ ತನ್ನ ಯಂತ್ರವನ್ನು ಆರಿಸಿ, ತಾನು ಈಗ ಬಳಸುತ್ತಿರುವ ಯಂತ್ರವು ಇದೇ ಎಂಬ ಸಾಲಿನ ಮುಂದೆ ಗುರುತು ಹಾಕಬೇಕು. ಈ ಅನುಕೂಲವು ಎಷ್ಟು ಸಲವಾದರೂ ದೊರೆಯುವುದಿಲ್ಲ, ಅದಕ್ಕೂ ಮಿತಿಯುಂಟು. ಹೀಗೆ ಆಗದಿದ್ದರೆ, ಕೊಂಡ ರಸೀದಿಯನ್ನು ಮುಂದಿಟ್ಟು ಸಂಸ್ಥೆಯ ಸಹಾಯ ವಿಭಾಗವನ್ನೋ ಯಂತ್ರದ ತಯಾರಕನನ್ನೋ ಕೇಳಬೇಕು. ಅದೂ ಸಲ್ಲದಿದ್ದರೆ ಹೊಸ ಪರವಾನಗಿಯನ್ನು ಕೊಳ್ಳಬೇಕು, ಇಲ್ಲವೆ ಮುಕ್ತವಾದ ವ್ಯವಸ್ಥೆಯನ್ನು ಆಶ್ರಯಿಸಬೇಕು.

ಇಲ್ಲಿ ವಿಚಾರಿಸತಕ್ಕ ಸಂಗತಿಯೆಂದರೆ, ಅಂಗಗಳನ್ನೆಲ್ಲ ಅಳೆದು ತೂಗಿದ ಆ ಮಹಾಯಂತ್ರಜಾಲವು ಕಡೆಗೆ ಬಂದು ನಿಂತುದು ಮನುಷ್ಯನ ಸಾಕ್ಷಿಯ ಬಳಿಯಲ್ಲಿ. ಇದು ಅದೇ ಯಂತ್ರವೆ ಎಂಬ ಪ್ರಶ್ನೆಗೆ ಫಲಕವು ಉತ್ತರ ಕೊಡಲಾರದು, ಡಿಸ್ಕು ಕೊಡಲಾರದು. ಅಹುದೆಂದು ಮನುಷ್ಯನು ಗುರುತು ಹಾಕುತ್ತಾನೆ. ಆ ಗುರುತನ್ನು ನಂಬಿ ಅಧಿಕಾರವು ಮರಳುತ್ತದೆ. ಎಲ್ಲ ಲೆಕ್ಕಾಚಾರಗಳ ಕೊನೆಯಲ್ಲಿ ಉಳಿದುದು ಒಂದು ನಂಬಿಕೆ. ಅದು ಎಷ್ಟು ಚಿಕ್ಕ ಗುರುತಾದರೂ ಅದನ್ನು ಹಾಕುವ ಕೈಯು ಸತ್ಯವಂತನದಾಗಿರಬೇಕು. ಹಳೆಯ ಯಂತ್ರವನ್ನು ಮಾರಿಯೋ ಮಗನಿಗೆ ಕೊಟ್ಟೋ, ಅದರ ಪರವಾನಗಿಯನ್ನು ಬೇರೊಂದು ಯಂತ್ರಕ್ಕೆ ಎಳೆದುಕೊಳ್ಳಲು ಇದೇ ಯಂತ್ರವೆಂದು ಗುರುತು ಹಾಕುವವನು, ಯಾರೂ ನೋಡದ ಕೋಣೆಯಲ್ಲಿ ಕುಳಿತು ತನ್ನ ಅಂತಃಸಾಕ್ಷಿಯನ್ನೇ ಮಾರಿದಂತೆ. ನೋಡುವವರು ಇಲ್ಲವೆಂಬುದೇ ಸುಳ್ಳು. ಕರಸ್ಥಲದಲ್ಲಿ ಲಿಂಗವನ್ನು ಧರಿಸಿದವನಿಗೆ ಏಕಾಂತವೆಂಬುದು ಎಲ್ಲಿಯದು?

ಮತ್ತೊಂದು ಸಂಗತಿಯನ್ನೂ ಗಮನಿಸಬೇಕು. ಖಾತೆಯೊಡನೆ ಸಂಬಂಧವನ್ನು ಬೆಸೆಯಬೇಕಾದುದು ಬೋರ್ಡು ಕೆಡುವ ಮೊದಲು. ಕೆಟ್ಟ ಮೇಲೆ ಬೆಸೆಯಲು ಬರುವುದಿಲ್ಲ. ಇಂದಿನ ಯಂತ್ರಗಳಲ್ಲಿ ಬಿಟ್‌ಲಾಕರ್ ಎಂಬ ಬೀಗವೂ ಇರುವುದುಂಟು. ಅದು ಡಿಸ್ಕಿನಲ್ಲಿರುವುದನ್ನೆಲ್ಲ ಗೂಢಲಿಪಿಯಾಗಿ ಮಾರ್ಪಡಿಸಿ, ಅದರ ಬೀಗದ ಕೈಯನ್ನು ಆ ಯಂತ್ರದ ಟಿಪಿಎಂ ಎಂಬ ಭದ್ರತಾ ಭಾಗದ ಕಾವಲಿನಲ್ಲಿಡುತ್ತದೆ. ಬೋರ್ಡು ಬದಲಾದಾಗ ಆ ಕಾವಲು ತಪ್ಪಿ, 48 ಅಂಕಿಗಳ ರಿಕವರಿ ಕೀಯನ್ನು ಯಂತ್ರವು ಕೇಳುತ್ತದೆ. ಅದನ್ನು ಮೊದಲೇ ಕಾದಿಡದಿದ್ದವನಿಗೆ ಡಿಸ್ಕು ಕೈಯಲ್ಲಿದ್ದರೂ ಅದರೊಳಗಿನ ಲೆಕ್ಕ, ಪತ್ರ, ಭಾವಚಿತ್ರಗಳೆಲ್ಲ ಕಣ್ಮುಂದೆಯೇ ಇದ್ದು ಇಲ್ಲವಾಗುತ್ತವೆ. ಅಂಗವು ಗಟ್ಟಿಯಾಗಿರುವಾಗಲೇ ಸಂಬಂಧವನ್ನು ಗಟ್ಟಿ ಮಾಡಿಕೊಳ್ಳಬೇಕೆಂದು, ಮುಪ್ಪು ಬಂದ ಮೇಲೆ, ಮಾತು ಬಿದ್ದ ಮೇಲೆ ಪೂಜೆಗೆ ತೊಡಗುವೆನೆಂದರೆ ಆಗದೆಂದು ಶರಣರು ಎಚ್ಚರಿಸಿದುದು ಯಂತ್ರದ ವಿಷಯದಲ್ಲಿ ಅಲ್ಲ. ಆದರೆ ಯಂತ್ರವೂ ಆ ಎಚ್ಚರವನ್ನೇ ನೆನಪಿಸುತ್ತದೆ.

ದೃಷ್ಟಾಂತಕ್ಕೆ ಒಂದು ಎಲ್ಲೆಯುಂಟೆಂಬುದನ್ನು ಮರೆಯಬಾರದು. ಯಂತ್ರಕ್ಕೆ ಚೈತನ್ಯವಿಲ್ಲ, ಪರವಾನಗಿಯು ದೀಕ್ಷೆಯಲ್ಲ, ವ್ಯಾಪಾರದ ಸಂಸ್ಥೆಯು ಗುರುವಲ್ಲ. ಹಣದಿಂದ ಕೊಂಡ ಅಧಿಕಾರವು ಫಲಕದೊಡನೆ ಹೋಗಬಹುದು, ಗುರುಕರುಣೆಯಿಂದ ಬಂದ ಅಧಿಕಾರವು ಹಾಗೆ ಹೋಗುವುದಲ್ಲ. ನುಲಿಯ ಚಂದಯ್ಯನವರ ಕಥೆಯನ್ನು ಸದ್ಭಕ್ತರು ಬಲ್ಲರು. ಹಗ್ಗ ಹೊಸೆಯುವುದಕ್ಕಾಗಿ ಹುಲ್ಲನ್ನು ಕೊಯ್ಯುತ್ತಿರುವಾಗ ಅವರ ಇಷ್ಟಲಿಂಗವು ಜಾರಿ ನೀರಿಗೆ ಬಿದ್ದಿತು. ಅವರು ಕಾಯಕವನ್ನು ನಿಲ್ಲಿಸಲಿಲ್ಲ. ಲಿಂಗವೇ ಅವರನ್ನು ಹಿಂಬಾಲಿಸಿ ಬಂದಿತು. ಅಂಗದಿಂದ ಲಿಂಗವು ಜಾರಿದರೂ ಸಂಬಂಧವು ಜಾರಲಿಲ್ಲ. ಏಕೆಂದರೆ ಅದನ್ನು ಕಟ್ಟಿದ್ದುದು ಶಿವದಾರವಲ್ಲ, ಶುದ್ಧವಾದ ದುಡಿಮೆ ಮತ್ತು ದಾಸೋಹ. ಕಾಯಕವು ಶುದ್ಧವಾಗಿರುವವರೆಗೆ ಭಕ್ತನು ತನ್ನ ಅಧಿಕಾರಕ್ಕಾಗಿ ಅಂಜಬೇಕಾಗಿಲ್ಲ. ಅದು ಕೆಟ್ಟ ಮೇಲೆ ಹೊರಗಿನ ಲಾಂಛನಗಳೆಲ್ಲ ಇದ್ದರೂ ಪ್ರಯೋಜನವಿಲ್ಲ.

ವಚನಗಳು ಉಳಿದು ಬಂದ ಬಗೆಯೂ ಇದನ್ನೇ ಸಾರುತ್ತದೆ. ತಾಳೆಗರಿಗಳು ಹುಳುಹಿಡಿದು ಹೋದವು; ಭಕ್ತರು ಹೊಸ ಗರಿಗಳ ಮೇಲೆ ಬರೆದರು. ಫ. ಗು. ಹಳಕಟ್ಟಿಯವರು ಮನೆಮನೆಗಳಿಂದ ಆ ಕಟ್ಟುಗಳನ್ನು ಸಂಗ್ರಹಿಸಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಮುದ್ರಿಸಿ ಪ್ರಕಟಿಸಿದರು. ಇಂದು ಅದೇ ವಚನಗಳು ಕಂಪ್ಯೂಟರಿನ ಪರದೆಯ ಮೇಲೆ ಬೆಳಗುತ್ತಿವೆ. ಗರಿ ಹೋಗಿ ಕಾಗದ ಬಂದಿತು, ಕಾಗದದ ಜೊತೆಗೆ ಪರದೆ ಬಂದಿತು. ಮೂರು ಸಲ ಅಂಗವು ಪಲ್ಲಟವಾದರೂ ವಚನವು ವಚನವಾಗಿಯೇ ಉಳಿಯಿತು. ಪ್ರತಿಯೊಂದು ವಚನದಲ್ಲಿಯೂ ಅಂಕಿತವಿದ್ದು ಇದು ಇಂತಹ ಶರಣರದೆಂದು ಹೇಳುತ್ತದೆ. ಆದರೆ ಅಂಕಿತವನ್ನು ಕದ್ದು ಬೇರೊಬ್ಬನು ತನ್ನ ಮಾತಿಗೆ ಅಂಟಿಸಿದರೆ ಅದು ವಚನವಾಗುವುದಿಲ್ಲ. ಅದನ್ನು ಖೋಟಾ ವಚನವೆಂದು ಬಲ್ಲವರು ಪಕ್ಕಕ್ಕೆ ಇಡುತ್ತಾರೆ. ಹಾಗೆಯೇ ಕದ್ದ ಕೀಯನ್ನು ಅಂಟಿಸಿಕೊಂಡ ಯಂತ್ರವು ನಡೆದೀತು, ಅಧಿಕೃತವಾಗದು.

ಆದುದರಿಂದ ಮನೆಯಲ್ಲಿ ಕಂಪ್ಯೂಟರನ್ನು ಇರಿಸಿಕೊಂಡ ಗೃಹಸ್ಥನು, ತನ್ನ ಪರವಾನಗಿಯು ಯಾವ ಬಗೆಯದೆಂಬುದನ್ನು ಇಂದೇ ತಿಳಿದುಕೊಳ್ಳತಕ್ಕದ್ದು. ರಸೀದಿಯನ್ನೂ ರಿಕವರಿ ಕೀಯನ್ನೂ ಕಾಗದದ ಮೇಲೆ ಬರೆದು ಭದ್ರವಾಗಿಡತಕ್ಕದ್ದು. ಖಾತೆಯೊಡನೆ ಯಂತ್ರವನ್ನು ಜೋಡಿಸಿಡತಕ್ಕದ್ದು. ಬೋರ್ಡು ಕೆಟ್ಟ ದಿನ ನಿಜವಾದ ಕಾರಣವನ್ನು ನಿಜವಾಗಿಯೇ ಹೇಳತಕ್ಕದ್ದು. ರಿಪೇರಿ ಮಾಡುವವನು ಕಳ್ಳ ತಂತ್ರಾಂಶವನ್ನು ತಾನಾಗಿಯೇ ಹಾಕಲು ಮುಂದಾದರೆ ವಿನಯದಿಂದ ಬೇಡವೆನ್ನತಕ್ಕದ್ದು. ಮನೆಯ ಮಕ್ಕಳು ಪಕ್ಕದಲ್ಲಿ ನಿಂತು ನೋಡುತ್ತಿರುತ್ತಾರೆ. ತಂದೆತಾಯಿಗಳು ಯಾರೂ ನೋಡದಾಗ ಏನು ಮಾಡುತ್ತಾರೆಂಬುದನ್ನು ಅವರು ಆ ಪರದೆಯ ಮೇಲೆಯೇ ಓದಿಕೊಳ್ಳುತ್ತಾರೆ. ಲಕ್ಕಮ್ಮನವರು ಹೆಚ್ಚಿನ ಅಕ್ಕಿಯನ್ನು ಮರಳಿ ಕಳುಹಿಸಿದುದರಿಂದ ಅವರ ದಾಸೋಹವು ಬಡವಾಗಲಿಲ್ಲ. ಅಂತಹ ದಾಸೋಹದ ಮನೆಗೆ ಸೇರಿದವರೆಂದು ಹೇಳಿಕೊಳ್ಳುವವರು, ಒಂದು ಚಿಕ್ಕ ಗುರುತಿನ ವಿಷಯದಲ್ಲಿಯೂ ಆ ಅಳತೆಯನ್ನು ಮೀರದಿರಲಿ.